ಏಕಕಂಠದ ಅರ್ಥನಿರ್ಣಯ: ಗಮಕಿ ಹೊಸಹಳ್ಳಿ ಕೇಶವಮೂರ್ತಿಯವರ ಪರಂಪರೆ ಮತ್ತು ಕುಮಾರವ್ಯಾಸ ಭಾರತದ ಶ್ರವಣಪಠ್ಯ

1. ಪ್ರವೇಶ

ಕನ್ನಡ ಕಾವ್ಯಾಧ್ಯಯನದಲ್ಲಿ 'ಪಠ್ಯ' ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಅಚ್ಚಾದ ಪುಸ್ತಕ. ಅದರ ಹಿಂದೆ ಓಲೆಗರಿಯ ಪ್ರತಿ, ಅದರ ಹಿಂದೆ ಕವಿ ಎಂಬ ಕ್ರಮದಲ್ಲಿ ನಮ್ಮ ಗ್ರಂಥಸಂಪಾದನಶಾಸ್ತ್ರ ಬೆಳೆದಿದೆ. ಆದರೆ ಕುಮಾರವ್ಯಾಸ, ಲಕ್ಷ್ಮೀಶರಂಥ ಕವಿಗಳನ್ನು ಕನ್ನಡ ಜನತೆ ಶತಮಾನಗಳ ಕಾಲ ಕಣ್ಣಿನಿಂದ ಓದಿದ್ದಕ್ಕಿಂತ ಕಿವಿಯಿಂದ ಓದಿದ್ದೇ ಹೆಚ್ಚು. ಊರಿನಲ್ಲಿ ಓದಬಲ್ಲವನೊಬ್ಬನಿದ್ದರೆ ಕೇಳುವವರು ಜಗಲಿಯ ತುಂಬ ಇರುತ್ತಿದ್ದರು. ಆ ಓದಬಲ್ಲವನ ಸ್ಥಾನ ನಮ್ಮ ಅಧ್ಯಯನಗಳಲ್ಲಿ ಎಲ್ಲಿದೆ ಎಂಬುದು ಪ್ರಸ್ತುತ ಲೇಖನದ ಮೂಲ ಪ್ರಶ್ನೆ.

ಈ ಪ್ರಶ್ನೆಗೆ ನಿಮಿತ್ತವಾದದ್ದು ಗಮಕಿ ಎಚ್. ಆರ್. ಕೇಶವಮೂರ್ತಿಯವರ ನಿಧನ. ಶಿವಮೊಗ್ಗದ ಬಳಿ ತುಂಗಾತೀರದ ಹೊಸಹಳ್ಳಿಯಲ್ಲಿ 1934ರಲ್ಲಿ ಜನಿಸಿದ ಅವರು 2022ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾಗಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆಗ ಬಂದ ಶ್ರದ್ಧಾಂಜಲಿಗಳಲ್ಲಿ 'ಗಮಕ ಕಲೆಗೆ ತುಂಬಲಾರದ ನಷ್ಟ' ಎಂಬ ಮಾತು ಸಹಜವಾಗಿಯೇ ಕೇಳಿಬಂತು. ಆದರೆ ಕಲೆಗೆ ಆದ ನಷ್ಟ ಯಾವುದು, ಸಾಹಿತ್ಯಕ್ಕೆ ಆದ ನಷ್ಟ ಯಾವುದು ಎಂದು ಬಿಡಿಸಿ ನೋಡುವ ಅಗತ್ಯವಿದೆ. ಹಿರಿಯ ಗಮಕಿಯೊಬ್ಬರು ಇಲ್ಲವಾದಾಗ ಕಳೆದುಹೋಗುವುದು ಒಂದು ಹಾಡುಗಾರಿಕೆಯ ಶೈಲಿ ಮಾತ್ರವಲ್ಲ, ಕಾವ್ಯದ ಒಂದು ಪಾಠ ಎಂಬುದು ಇಲ್ಲಿಯ ಪ್ರತಿಪಾದನೆ.

2. 'ಗಮಕಿ' ಎಂಬ ಪದದ ಅರ್ಥವ್ಯಾಪ್ತಿ

ಪ್ರಾಚೀನ ಸಾಹಿತ್ಯದಲ್ಲಿ ವಿದ್ವತ್ಸಭೆಯನ್ನು ವರ್ಣಿಸುವಾಗ ಕವಿ, ಗಮಕಿ, ವಾದಿ, ವಾಗ್ಮಿ ಎಂಬ ನಾಲ್ವರನ್ನು ಒಟ್ಟಿಗೆ ಹೆಸರಿಸುವುದು ರೂಢಿ. ಈ ಚತುಷ್ಟಯದಲ್ಲಿ ಗಾಯಕನಿಲ್ಲ ಎಂಬುದು ಗಮನಾರ್ಹ. ಹೊಸ ಕೃತಿಯನ್ನು ಕಟ್ಟುವವನು ಕವಿಯಾದರೆ, ಕಟ್ಟಿದ ಕೃತಿಯನ್ನು ಬಿಡಿಸಿ ಅದರ ಅಭಿಪ್ರಾಯವನ್ನು ತಲುಪಿಸುವವನು ಗಮಕಿ. ಪದದ ಮೂಲದಲ್ಲಿಯೇ 'ಹೋಗುವಂತೆ ಮಾಡುವುದು', 'ತಿಳಿಯುವಂತೆ ಮಾಡುವುದು' ಎಂಬ ಅರ್ಥವಿದೆ. ಸಂಗೀತಶಾಸ್ತ್ರದಲ್ಲಿ 'ಗಮಕ'ವೆಂದರೆ ಸ್ವರದ ಕಂಪನ. ಎರಡೂ ಪದಗಳ ರೂಪ ಒಂದೇ ಆಗಿರುವುದರಿಂದ ಕಾವ್ಯಗಮಕವನ್ನು ಸಂಗೀತದ ಒಂದು ಉಪಶಾಖೆಯೆಂದು ಭಾವಿಸುವ ತಪ್ಪು ಇಂದು ವ್ಯಾಪಕವಾಗಿದೆ.

ವಾಸ್ತವವಾಗಿ ಗಮಕದಲ್ಲಿ ರಾಗವಿದೆ, ಆದರೆ ತಾಳವಿಲ್ಲ. ಶ್ರುತಿಯೊಂದನ್ನು ಬಿಟ್ಟರೆ ಪಕ್ಕವಾದ್ಯದ ಅವಲಂಬನೆಯಿಲ್ಲ. ಸ್ವರಕಲ್ಪನೆಗೆ ಎಡೆಯಿಲ್ಲ. ವಾಚನಕಾರರ ಪಕ್ಕದಲ್ಲಿ ವ್ಯಾಖ್ಯಾನಕಾರರೊಬ್ಬರು ಕುಳಿತಿರುತ್ತಾರೆ. ಕೇಶವಮೂರ್ತಿಯವರ ವಾಚನಕ್ಕೆ ಮತ್ತೂರು ಮಾರ್ಕಂಡೇಯ ಅವಧಾನಿಗಳ ವ್ಯಾಖ್ಯಾನ ಸೇರಿದ ಸಭೆಗಳನ್ನು ಕೇಳಿದವರು ಇಂದಿಗೂ ನೆನೆಯುತ್ತಾರೆ. ಆದರೆ ಪದ್ಯ ನಡೆಯುತ್ತಿರುವಷ್ಟು ಹೊತ್ತು ವಾಚನಕಾರನದು ಒಂಟಿ ಕಂಠ. ಈ ಏಕಾಕಿತನವನ್ನು ಸಾಧನದ ಬಡತನವೆಂದು ತಿಳಿಯುವುದುಂಟು. ಅದು ಅರ್ಥನಿರ್ಣಯಕ್ಕೆ ಬೇಕಾದ ಸ್ವಾತಂತ್ರ್ಯವೆಂಬುದನ್ನು ಮುಂದಿನ ಎರಡು ಭಾಗಗಳಲ್ಲಿ ಪರಿಶೀಲಿಸಬಹುದು.

3. ಗಣದ ಕಡಿತ ಮತ್ತು ಪದದ ಕಡಿತ

ಭಾಮಿನಿ ಷಟ್ಪದಿಯ ಲಕ್ಷಣ ಸರ್ವವಿದಿತ. ಒಂದು, ಎರಡು, ನಾಲ್ಕು ಮತ್ತು ಐದನೆಯ ಪಾದಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕರಂತೆ 14 ಮಾತ್ರೆಗಳು. ಮೂರು ಮತ್ತು ಆರನೆಯ ಪಾದಗಳಲ್ಲಿ ಅದೇ ನಡೆ ಮುಂದುವರಿದು ಕೊನೆಗೊಂದು ಗುರು ಸೇರಿ 23 ಮಾತ್ರೆಗಳು. ಹೀಗೆ ಒಂದು ಪದ್ಯಕ್ಕೆ 102 ಮಾತ್ರೆಗಳು. ತರಗತಿಯಲ್ಲಿ ನಾವು ಇದನ್ನು ಪ್ರಸ್ತಾರ ಹಾಕಿ ಕಲಿಯುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ. ಆದರೆ ಪ್ರಸ್ತಾರ ಹಾಕಿದ ಪದ್ಯವನ್ನು ಗಣಗಣವಾಗಿಯೇ ಬಾಯಿಬಿಟ್ಟು ಓದಿದರೆ ಅರ್ಥ ಮುರಿದುಬೀಳುತ್ತದೆ. ಸ್ನಾತಕೋತ್ತರ ತರಗತಿಯಲ್ಲಿ ಈ ಲೇಖಕನೂ ಹಾಗೆಯೇ ಓದಿ, 'ಗಣ ಸರಿಯಾಗಿದೆ, ಕನ್ನಡ ಎಲ್ಲಿದೆ?' ಎಂಬ ಪ್ರಶ್ನೆಯನ್ನು ಎದುರಿಸಬೇಕಾಯಿತು.

ವಿವರಣೆಗಾಗಿ ರಚಿಸಿಕೊಂಡ ಒಂದು ಸರಳ ಉದಾಹರಣೆಯನ್ನು ನೋಡಬಹುದು: 'ಬಂದನರಸನು'. ಇದು ಏಳು ಮಾತ್ರೆಗಳ ಘಟಕ. ಗಣದ ಪ್ರಕಾರ ಇದು 'ಬಂದ | ನರಸನು' ಎಂದು ಮೂರು ಮತ್ತು ನಾಲ್ಕಾಗಿ ಒಡೆಯುತ್ತದೆ. ಅರ್ಥದ ಪ್ರಕಾರ 'ಬಂದನ್ + ಅರಸನು' ಎಂದಾಗಬೇಕು. ಗಣವನ್ನು ಹಿಡಿದು ಓದಿದವನ ಬಾಯಲ್ಲಿ ಅರಸನು 'ನರಸ'ನಾಗುತ್ತಾನೆ. ಪದವನ್ನು ಮಾತ್ರ ಹಿಡಿದು ಓದಿದವನ ಬಾಯಲ್ಲಿ ಪದ್ಯ ಗದ್ಯವಾಗುತ್ತದೆ. ಗಮಕಿ ಇವೆರಡರ ನಡುವೆ ಹಾದಿ ಕಂಡುಕೊಳ್ಳುತ್ತಾನೆ. ನಕಾರವನ್ನು ಹಿಂದಿನ ಪದಕ್ಕೆ ಅಂಟಿಸಿ, ಅಕಾರವನ್ನು ತುಸು ಎತ್ತಿ ಹಿಡಿದು, ಮಾತ್ರೆಯ ಲೆಕ್ಕ ಕೆಡದಂತೆ ಪದದ ಗಡಿಯನ್ನು ಕಿವಿಗೆ ಕಾಣಿಸುತ್ತಾನೆ. ಕುಮಾರವ್ಯಾಸನಂತೆ ಸಂಧಿಯನ್ನು ಯಥೇಚ್ಛವಾಗಿ ಬಳಸುವ, ವಾಕ್ಯವನ್ನು ಪಾದದಿಂದ ಪಾದಕ್ಕೆ ಹರಿಸುವ ಕವಿಯಲ್ಲಿ ಇಂಥ ನಿರ್ಧಾರಗಳು ಪದ್ಯವೊಂದಕ್ಕೆ ಹಲವು ಬಾರಿ ಎದುರಾಗುತ್ತವೆ.

ಪಾದಾಂತ್ಯದ ಸಮಸ್ಯೆಯೂ ಇಂಥದ್ದೇ. ಮೂರನೆಯ ಪಾದದ ಕೊನೆಯ ಗುರು ಪದ್ಯದ ಅರ್ಧದಾರಿಯಲ್ಲಿ ಕಟ್ಟಿದ ವಿಶ್ರಾಂತಿಯ ಜಗಲಿ. ಬಹುಪಾಲು ಪದ್ಯಗಳಲ್ಲಿ ವಾಕ್ಯವೂ ಅಲ್ಲಿಯೇ ನಿಲ್ಲುತ್ತದೆ. ನಿಲ್ಲದ ಕಡೆ ಗಮಕಿ ಆ ಜಗಲಿಯಲ್ಲಿ ಕೂರದೆ ಮುಂದೆ ನಡೆಯಬೇಕು. ತಾಳದ ಆವರ್ತವಿದ್ದರೆ ಅದು ಅವನನ್ನು ಅಲ್ಲಿಯೇ ಕೂರಿಸುತ್ತಿತ್ತು. ತಬಲಾದೊಡನೆ ಭಾವಗೀತೆಯ ಧಾಟಿಯಲ್ಲಿ ಹಾಡಿದ ಕುಮಾರವ್ಯಾಸನ ಪದ್ಯ ಎಷ್ಟೇ ಇಂಪಾಗಿದ್ದರೂ ಕಥೆ ಹಿಂದೆ ಉಳಿದಂತೆ ಅನ್ನಿಸುವುದಕ್ಕೆ ಇದೇ ಕಾರಣ. ಅಲ್ಲಿ ಕಾಲವನ್ನು ನಿರ್ಧರಿಸುವುದು ಆವರ್ತ, ವಾಕ್ಯವಲ್ಲ.

4. ಮಾತು ಯಾರದು?

ಕುಮಾರವ್ಯಾಸ ಭಾರತ ಬಹುಮಟ್ಟಿಗೆ ಸಂಭಾಷಣೆಯ ಕಾವ್ಯ. ಓಲೆಗರಿಯಲ್ಲಿ ಉದ್ಧರಣಚಿಹ್ನೆಗಳಿರಲಿಲ್ಲ. ಕವಿಯ ನಿರೂಪಣೆ ಎಲ್ಲಿ ಮುಗಿಯಿತು, ಪಾತ್ರದ ಮಾತು ಎಲ್ಲಿ ಮೊದಲಾಯಿತು ಎಂಬುದನ್ನು ಕಂಠವೇ ಹೇಳಬೇಕಾಗಿತ್ತು.

ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನನ್ನು ತನ್ನ ಬಳಿ ಕುಳ್ಳಿರಿಸಿಕೊಂಡು ಅವನ ಜನ್ಮವೃತ್ತಾಂತವನ್ನು ತಿಳಿಸುವ ಪ್ರಸಂಗವನ್ನು ಈ ದೃಷ್ಟಿಯಿಂದ ನೋಡಬಹುದು. ಆ ಸುದ್ದಿಯನ್ನು ಕೇಳಿದ ಕರ್ಣನ ಪ್ರತಿಕ್ರಿಯೆಯನ್ನು ಕವಿ ಮೊದಲು ದೇಹದಲ್ಲಿ ತೋರಿಸುತ್ತಾನೆ. ಕೊರಳು, ಕಣ್ಣು ಮಾತಿಗಿಂತ ಮೊದಲೇ ಉತ್ತರ ಕೊಡುತ್ತವೆ. ಅನಂತರ ಬರುವ ಮೊದಲ ಆಲೋಚನೆ ತನ್ನ ಬಗೆಗಿನದಲ್ಲ, ತನ್ನೊಡೆಯನಾದ ದುರ್ಯೋಧನನಿಗೆ ಒದಗಿದ ಕೇಡಿನದು. ಪದ್ಯದ ಉತ್ತರಾರ್ಧದಲ್ಲಿ ಕೃಷ್ಣನ ಹಗೆಯ ಸ್ವರೂಪವನ್ನು ಕುರಿತ ಚಿಂತನೆಯಿದೆ. ಇಲ್ಲಿ ಮುಖ್ಯವಾದ ಅಂಶವೆಂದರೆ, ಇದು ಮನಸ್ಸಿನೊಳಗಿನ ಮಾತು ಎಂಬ ಸೂಚನೆಯನ್ನು ಕವಿ ಮಾತಿನ ಆರಂಭದಲ್ಲಿ ಕೊಡುವುದಿಲ್ಲ. ಎರಡು ಅರ್ಧಗಳಲ್ಲಿಯೂ ಅದು ಕೊನೆಯಲ್ಲಿ ಬರುತ್ತದೆ.

ಮೌನವಾಗಿ ಓದುವವನಿಗೆ ಇದು ತೊಡಕಲ್ಲ. ಕಣ್ಣು ಮುಂದೆ ಹೋಗಿ ಹಿಂದೆ ಬರಬಲ್ಲದು. ಕೇಳುವವನಿಗೆ ಹಿಂದೆ ಬರುವ ಅವಕಾಶವಿಲ್ಲ. ಆದ್ದರಿಂದ ಗಮಕಿಯು ಪದ್ಯದ ಕೊನೆಯನ್ನು ಬಲ್ಲವನಾಗಿ ಮೊದಲನ್ನು ಹಾಡಬೇಕು. ಆ ಅಳಲನ್ನು ತಾರಸ್ಥಾಯಿಯಲ್ಲಿ ಗೋಳಾಗಿ ಹಾಡಿದರೆ ಸಭೆ ಕರಗೀತು. ಆದರೆ ಪಕ್ಕದಲ್ಲಿಯೇ ಕುಳಿತ ಕೃಷ್ಣನಿಗೂ ಅದು ಕೇಳಿಸಿಬಿಡುತ್ತದೆ! ಆಗ ಮುಂದೆ ಕರ್ಣ ಬಾಯಿಬಿಟ್ಟು ಆಡುವ ಮಾತಿನ ಸಂಯಮಕ್ಕೆ ಬೆಲೆಯೇ ಉಳಿಯುವುದಿಲ್ಲ. ದನಿಯನ್ನು ಒಳಕ್ಕೆ ಸೆಳೆದುಕೊಂಡು ಮಂದ್ರದಲ್ಲಿ ಹಾಡಿದಾಗ ಮಾತ್ರ ಕರ್ಣನೊಬ್ಬನಿಗೂ ಶ್ರೋತೃಗಳಿಗೂ ಮಾತ್ರ ಕೇಳುವ ಮಾತು ಅದಾಗುತ್ತದೆ. ಸ್ಥಾಯಿಯ ಈ ಆಯ್ಕೆ ಸಂಗೀತದ ಅಲಂಕಾರವಲ್ಲ, ಪಾತ್ರದ ವಿಮರ್ಶೆ. ವ್ಯಾಖ್ಯಾನಕಾರ ಬಾಯಿ ತೆರೆಯುವ ಮೊದಲೇ ಒಂದು ವ್ಯಾಖ್ಯಾನ ನಡೆದುಹೋಗಿರುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ವಿರಾಟಪರ್ವದ ಉತ್ತರಕುಮಾರನದು. ಹೆಂಗಳೆಯರ ನಡುವೆ ಅವನು ಕೊಚ್ಚಿಕೊಳ್ಳುವ ಪೌರುಷವನ್ನು ವೀರರಸಕ್ಕೆ ಒಪ್ಪುವ ರಾಗದಲ್ಲಿಯೇ ಗಂಭೀರವಾಗಿ ಹಾಡಬೇಕು. ಗಮಕಿ ತಾನೇ ನಕ್ಕರೆ ಹಾಸ್ಯ ಕೆಡುತ್ತದೆ. ಉತ್ತರನು ತನ್ನನ್ನು ತಾನು ನಂಬಿದ್ದಾನೆಂದು ತೋರಿದಾಗಲೇ ರಣರಂಗದಲ್ಲಿ ಅವನ ಓಟ ನಗೆ ತರಿಸುತ್ತದೆ.

5. ಹೊಸಹಳ್ಳಿಯಿಂದ ರಾಜಾಜಿನಗರಕ್ಕೆ

ತುಂಗೆಯ ಎರಡು ದಡಗಳಲ್ಲಿರುವ ಮತ್ತೂರು-ಹೊಸಹಳ್ಳಿಗಳು ಸಂಸ್ಕೃತಾಭ್ಯಾಸಕ್ಕೂ ಗಮಕಕ್ಕೂ ಹೆಸರಾದ ಅವಳಿ ಗ್ರಾಮಗಳು. ಮನೆಯಲ್ಲಿ ತಂದೆಯಿಂದ ಪಾಠ ಆರಂಭಿಸಿದ ಕೇಶವಮೂರ್ತಿಯವರು ಊರಿನಲ್ಲಿಯೇ ನೆಲೆಸಿ, ಊರೂರಿಗೆ ಹೋಗಿ ಕಾವ್ಯ ಓದಿ, ಮರಳಿ ಊರಿಗೆ ಬಂದು ಕಲಿಸುತ್ತಿದ್ದ ತಲೆಮಾರಿಗೆ ಸೇರಿದವರು. ಗಮಕಿಯ ಸಂಚಾರಕ್ಕೆ ಅದರದೇ ಆದ ಪಂಚಾಂಗವಿದೆ: ಚೈತ್ರದ ರಾಮೋತ್ಸವ, ಭಾದ್ರಪದದ ಗಣೇಶೋತ್ಸವ, ಆಶ್ವಯುಜದ ನವರಾತ್ರಿ, ಪುಷ್ಯದ ಕುಮಾರವ್ಯಾಸ ಜಯಂತಿ. ಹೊರಡುವವನೊಬ್ಬ, ಹೆಗಲ ಚೀಲದಲ್ಲಿ ಒಂದು ಶ್ರುತಿಪೆಟ್ಟಿಗೆ, ಒಂದು ಪುಸ್ತಕ.

ಬೆಂಗಳೂರಿನ ಪಶ್ಚಿಮ ಭಾಗ ಈ ಸಂಚಾರದ ಒಂದು ಮುಖ್ಯ ನಿಲ್ದಾಣವಾದುದಕ್ಕೆ ಸಾಮಾಜಿಕ ಕಾರಣಗಳಿವೆ. 1949ರ ಸುಮಾರಿಗೆ ರೂಪುಗೊಂಡ ರಾಜಾಜಿನಗರ, ಅನಂತರ ಬೆಳೆದ ವಿಜಯನಗರ ಮತ್ತು ಬಸವೇಶ್ವರನಗರಗಳಲ್ಲಿ ನೆಲೆಸಿದವರಲ್ಲಿ ಹಳೆಯ ಮೈಸೂರು ಮತ್ತು ಮಲೆನಾಡಿನ ಜಿಲ್ಲೆಗಳಿಂದ ಬಂದ ನೌಕರವರ್ಗದವರು, ಕಾರ್ಖಾನೆಯ ಕಾರ್ಮಿಕರು ಹಲವರು. ಊರಿನ ಜಗಲಿಯಲ್ಲಿ ಕೇಳಿದ ಭಾರತದ ನೆನಪನ್ನು ಅವರು ಹೊಸ ಬಡಾವಣೆಗೆ ಹೊತ್ತುತಂದರು. ರಾಜಾಜಿನಗರದಲ್ಲಿ ಕುಮಾರವ್ಯಾಸನ ಹೆಸರಿನದೇ ಒಂದು ಮಂಟಪವಿರುವುದು ಈ ನೆನಪಿಗೆ ಸಾಕ್ಷಿ. ಉದ್ಯಾನ, ಬಸ್ ನಿಲ್ದಾಣಗಳಿಗೆ ಕವಿಯ ಹೆಸರಿಡುವುದು ಬೇರೆ. ಕವಿಯನ್ನು ಕೇಳುವುದಕ್ಕೆಂದೇ ಒಂದು ಮಂಟಪ ಕಟ್ಟಿಕೊಳ್ಳುವುದು ಬೇರೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ನೆನೆಯುವುದು ಉಚಿತ. ಕುಮಾರವ್ಯಾಸ ಭಾರತದ ಹತ್ತು ಪರ್ವಗಳಲ್ಲಿ 8 ಸಾವಿರಕ್ಕೂ ಹೆಚ್ಚು ಪದ್ಯಗಳಿವೆ. ಒಂದು ಸಂಜೆಗೆ ವ್ಯಾಖ್ಯಾನಸಹಿತ 40 ಪದ್ಯಗಳೆಂದರೂ ಇಡೀ ಕಾವ್ಯಕ್ಕೆ 200 ಸಂಜೆಗಳು ಬೇಕು. ದಿನನಿತ್ಯ ಒಂದೆಡೆ ಸೇರುವ ಶ್ರೋತೃವರ್ಗ ಇದ್ದಾಗ ಮಾತ್ರ ಇದು ಸಾಧ್ಯ. ಇಂದಿನ ಸಭೆಗಳು ಸಾಮಾನ್ಯವಾಗಿ ಆಯ್ದ ಪ್ರಸಂಗಗಳಿಗೆ, ಒಂದೆರಡು ಗಂಟೆಗಳ ಅವಧಿಗೆ ಸೀಮಿತವಾಗಿವೆ. ದ್ರೌಪದಿಯ ಮಾನಸಂರಕ್ಷಣೆ, ಕರ್ಣಭೇದನ, ಉತ್ತರನ ಪ್ರತಾಪ ಇವು ಮತ್ತೆ ಮತ್ತೆ ಕೇಳಿಬರುತ್ತವೆ. ನಡುವಣ ಸಾವಿರಾರು ಪದ್ಯಗಳನ್ನು ಯಾವ ಕಂಠವೂ ಮುಟ್ಟುವುದಿಲ್ಲ. ಹಾಗೆ ಮುಟ್ಟದೆ ಉಳಿದ ಪದ್ಯಗಳ ಪದಚ್ಛೇದ, ನಿಲುಗಡೆ, ದನಿಭೇದಗಳ ಜ್ಞಾನ ಒಬ್ಬೊಬ್ಬ ಹಿರಿಯರೊಡನೆಯೂ ಅಳಿಯುತ್ತದೆ.

6. ಒಂದು ದೂರದ ಹೋಲಿಕೆ

ಈ ಸ್ಥಿತಿ ಕನ್ನಡಕ್ಕೆ ಮಾತ್ರ ವಿಶಿಷ್ಟವಲ್ಲ. ಅಮೆರಿಕದ ಮಿಸ್ಸಿಸ್ಸಿಪ್ಪಿ ರಾಜ್ಯದ ಡೆಲ್ಟಾ ಎಂಬ ಹತ್ತಿಹೊಲಗಳ ಬಯಲಿನಲ್ಲಿ, ಗುಲಾಮಗಿರಿಗೆ ಒಳಗಾಗಿದ್ದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳು ಕಟ್ಟಿದ 'ಬ್ಲೂಸ್' ಎಂಬ ಹಾಡುಗಾರಿಕೆಯೂ ಮೂಲತಃ ಒಂಟಿ ಗಾಯಕನದು. ಒಂದು ಗಿಟಾರ್, ಒಂದು ಕಂಠ. ಈ ಹಾಡುಗಳಿಗೆ ಹನ್ನೆರಡು ಅಳತೆಗಳ ಚೌಕಟ್ಟೊಂದು ಇದೆಯೆಂದು ಸಂಗೀತಜ್ಞರು ಹೇಳುತ್ತಾರೆ. ಆದರೆ ಒಂಟಿಯಾಗಿ ಹಾಡುವ ಹಳೆಯ ಗಾಯಕರು ಮಾತಿನ ಅಗತ್ಯಕ್ಕೆ ತಕ್ಕಂತೆ ಆ ಚೌಕಟ್ಟಿನಲ್ಲಿ ಅರ್ಧ ಅಳತೆಯನ್ನು ಹಿಗ್ಗಿಸುತ್ತಾರೆ, ಇಲ್ಲವೇ ಮೊಟಕುಗೊಳಿಸುತ್ತಾರೆ. ವಾದ್ಯವೃಂದ ಜೊತೆಗೂಡಿದಾಗ ಈ ಸ್ವಾತಂತ್ರ್ಯ ಸಹಜವಾಗಿಯೇ ಕಡಿಮೆಯಾಗುತ್ತದೆ. ತಾಳವಿಲ್ಲದ ಗಮಕಿಯ ಸ್ವಾತಂತ್ರ್ಯಕ್ಕೂ ಇದಕ್ಕೂ ಇರುವ ಸಾಮ್ಯ ಸ್ಪಷ್ಟವಾಗಿದೆ.

ಎರಡನೆಯ ಸಾಮ್ಯ ಸ್ಮೃತಿಗೆ ಸಂಬಂಧಿಸಿದ್ದು. ಸನ್ ಹೌಸ್ ಎಂಬ ಗಾಯಕ 1930ರಲ್ಲಿ ಕೆಲವು ಹಾಡುಗಳನ್ನು ಮುದ್ರಿಸಿ, ಮುಂದೆ ಊರು ಬಿಟ್ಟು ಹಾಡನ್ನೂ ಬಿಟ್ಟಿದ್ದ. 1964ರಲ್ಲಿ ಆಸಕ್ತ ತರುಣರು ಅವನನ್ನು ರಾಚೆಸ್ಟರ್ ನಗರದಲ್ಲಿ ಪತ್ತೆಹಚ್ಚಿದರು. ಆಗ ಅವನು ತನ್ನ ಹಾಡುಗಳನ್ನು ತಾನೇ ಮರೆತಿದ್ದ. ಅವನ ಹಳೆಯ ಮುದ್ರಣಗಳನ್ನು ಕೇಳಿ ಕಲಿತಿದ್ದ ಆಲನ್ ವಿಲ್ಸನ್ ಎಂಬ ತರುಣ ಅವನ ಎದುರು ಕುಳಿತು ಅವನದೇ ಹಾಡುಗಳನ್ನು ಅವನಿಗೆ ಮತ್ತೆ ನೆನಪಿಸಿಕೊಟ್ಟ. ಅನಂತರ ಸನ್ ಹೌಸ್ ಹಲವು ವರ್ಷ ಊರೂರು ತಿರುಗಿ ಹಾಡಿದ. ಅದೇ ಪರಂಪರೆಯ ಹನಿಬಾಯ್ ಎಡ್ವರ್ಡ್ಸ್ 2011ರಲ್ಲಿ ತನ್ನ 96ನೆಯ ವಯಸ್ಸಿನಲ್ಲಿ ತೀರಿಕೊಂಡ. ತೊಂಬತ್ತು ದಾಟಿದ ಮೇಲೂ ಅವನ ಸಂಚಾರ ನಿಂತಿರಲಿಲ್ಲ.

ಹೋಲಿಕೆಗೆ ಮಿತಿಯಿದೆ. ಬ್ಲೂಸ್ ಗಾಯಕನ ಹಾಡು ತುಳಿತಕ್ಕೊಳಗಾದವರ ಸ್ವಂತ ರಚನೆ. ಗಮಕಿಯ ಹಾಡು ಮಹಾಕವಿಯ ಕೃತಿ. ಸಾಮಾಜಿಕ ನೆಲೆಯಿಂದ ನೋಡಿದರೆ ನಮ್ಮ ನೀಲಗಾರರು, ತತ್ವಪದಕಾರರು ಬ್ಲೂಸ್ ಗಾಯಕರಿಗೆ ಹೆಚ್ಚು ಹತ್ತಿರದವರು. ಗಮಕವು ಬಹುಮಟ್ಟಿಗೆ ಮೇಲ್ಜಾತಿಯ ವಿದ್ವತ್ ಕುಟುಂಬಗಳಲ್ಲಿ ಉಳಿದುಬಂದ ಕಲೆ ಎಂಬ ಟೀಕೆಯಲ್ಲಿ ತಥ್ಯವಿದೆ. ಆದರೆ ಬಳ್ಳಾರಿ ಸೀಮೆಯ ಜೋಳದರಾಶಿ ದೊಡ್ಡನಗೌಡರಂಥ ಗಮಕಿಗಳನ್ನೂ, ಹಳ್ಳಿಯ ಚಾವಡಿಗಳಲ್ಲಿ ಎಲ್ಲ ಸಮುದಾಯದವರೂ ಕೂತು ಕೇಳುತ್ತಿದ್ದ ಭಾರತವಾಚನವನ್ನೂ ಮರೆತು ಆ ಟೀಕೆ ಮಾಡಿದರೆ ಅದು ಅರ್ಧಸತ್ಯವಾಗುತ್ತದೆ.

7. ಶ್ರವಣ ಪಾಠಾಂತರ: ಒಂದು ಸೂಚನೆ

ಸನ್ ಹೌಸನ ಪ್ರಸಂಗದಿಂದ ನಾವು ಕಲಿಯಬೇಕಾದದ್ದು ಮುದ್ರಣದ ಮಹಿಮೆಯನ್ನಲ್ಲ; ಮುದ್ರಣವನ್ನು ಕಿವಿಗೊಟ್ಟು ಅಭ್ಯಾಸ ಮಾಡಿದ ಒಬ್ಬ ಕೇಳುಗನ ಮಹಿಮೆಯನ್ನು. ಕೇಶವಮೂರ್ತಿಯವರದೂ ಸೇರಿದಂತೆ ಹಿರಿಯ ಗಮಕಿಗಳ ಧ್ವನಿಮುದ್ರಣಗಳು ನಮ್ಮಲ್ಲಿವೆ. ಆಕಾಶವಾಣಿ ದಶಕಗಳಿಂದ ಗಮಕವನ್ನು ಪ್ರಸಾರ ಮಾಡುತ್ತಾ ಬಂದಿದೆ. ಕರ್ನಾಟಕ ಗಮಕ ಕಲಾ ಪರಿಷತ್ತಿನಂಥ ಸಂಸ್ಥೆ ಈ ಕಲೆಗಾಗಿಯೇ ದುಡಿಯುತ್ತಿದೆ. ಆದರೆ ಧ್ವನಿಮುದ್ರಣ ರಾಗವನ್ನು ಉಳಿಸುವಷ್ಟು ಸುಲಭವಾಗಿ ನಿರ್ಧಾರವನ್ನು ಉಳಿಸುವುದಿಲ್ಲ. ಇಲ್ಲೇಕೆ ನಿಂತರು, ಅಲ್ಲೇಕೆ ನಿಲ್ಲಲಿಲ್ಲ ಎಂದು ಕೇಳಿ ಬರೆದಿಡುವವರು ಬೇಕು.

ಕುವೆಂಪು ಮತ್ತು ಮಾಸ್ತಿಯವರು 'ಕರ್ಣಾಟ ಭಾರತ ಕಥಾಮಂಜರಿ'ಯನ್ನು ಸಂಪಾದಿಸಿಕೊಟ್ಟ ಮೇಲೆ ಕುಮಾರವ್ಯಾಸನ ಪಠ್ಯ ಎಲ್ಲರ ಕೈಗೆ ಎಟುಕಿತು. ಗ್ರಂಥಸಂಪಾದಕರು ಪ್ರತಿಯಿಂದ ಪ್ರತಿಗೆ ಇರುವ ಅಕ್ಷರಭೇದವನ್ನು ಪಾಠಾಂತರವೆಂದು ಗುರುತಿಸುತ್ತಾರೆ. ಅದೇ ರೀತಿ ಕಂಠದಿಂದ ಕಂಠಕ್ಕೆ ಇರುವ ಅರ್ಥಭೇದವನ್ನು 'ಶ್ರವಣ ಪಾಠಾಂತರ'ವೆಂದು ಗುರುತಿಸಬಹುದು. ಒಂದೇ ಪದ್ಯವನ್ನು ಮೂವರು ಗಮಕಿಗಳ ವಾಚನದಲ್ಲಿ ಕೇಳಿ, ಪದಚ್ಛೇದ, ನಿಲುಗಡೆ, ಪುನರುಕ್ತಿ, ಸ್ಥಾಯಿ, ರಾಗಪಲ್ಲಟ ಎಂಬ ಐದು ಅಂಶಗಳನ್ನು ಪದ್ಯಸಂಖ್ಯೆಯೊಡನೆ ಪಟ್ಟಿ ಮಾಡುವುದು ಯಾವುದೇ ಕನ್ನಡ ವಿಭಾಗದ ವಿದ್ಯಾರ್ಥಿಗಳಿಗೆ ಸಾಧ್ಯವಾದ ಕೆಲಸ. ಇದಕ್ಕೆ ಸಂಗೀತಜ್ಞಾನಕ್ಕಿಂತ ಹಳಗನ್ನಡ-ನಡುಗನ್ನಡಗಳ ವ್ಯಾಕರಣಜ್ಞಾನವೂ ತಾಳ್ಮೆಯೂ ಹೆಚ್ಚು ಬೇಕು. ಈಗ ಬದುಕಿರುವ ಹಿರಿಯ ಗಮಕಿಗಳನ್ನು ಸಂದರ್ಶಿಸುವಾಗಲೂ ಜೀವನವೃತ್ತಾಂತ, ಪ್ರಶಸ್ತಿಗಳ ವಿವರಗಳಿಗೆ ನಿಲ್ಲದೆ, ನಿರ್ದಿಷ್ಟ ಪದ್ಯಗಳನ್ನು ಮುಂದಿಟ್ಟು ಪ್ರಶ್ನಿಸಬೇಕು.

8. ಸಮಾರೋಪ

ಒಟ್ಟಿನಲ್ಲಿ, ಗಮಕಿಯನ್ನು ಕಾವ್ಯದ ಪ್ರಚಾರಕನೆಂದೋ ಇಂಪಾದ ಕಂಠದ ಕಲಾವಿದನೆಂದೋ ಗೌರವಿಸಿ ಸುಮ್ಮನಾಗುವುದು ಅವನ ಅರ್ಧ ಕೆಲಸವನ್ನು ಮಾತ್ರ ಗುರುತಿಸಿದಂತೆ. ಅವನು ಪಠ್ಯದ ಪ್ರತಿ ಸಂದಿಗ್ಧದಲ್ಲಿಯೂ ತೀರ್ಪು ಕೊಡುವ ವಿದ್ವಾಂಸ; ತೀರ್ಪನ್ನು ಅಡಿಟಿಪ್ಪಣಿಯಲ್ಲಿ ಬರೆಯದೆ ಉಸಿರಿನಲ್ಲಿ ಕೊಡುತ್ತಾನೆ ಎಂಬುದಷ್ಟೇ ವ್ಯತ್ಯಾಸ. ತಾಳವೂ ಪಕ್ಕವಾದ್ಯವೂ ಇಲ್ಲದ ಏಕಕಂಠವೇ ಅವನಿಗೆ ಆ ಅಧಿಕಾರವನ್ನು ಕೊಟ್ಟಿದೆ. ಹೊಸಹಳ್ಳಿಯ ಕೇಶವಮೂರ್ತಿಯವರ ತಲೆಮಾರು ಊರೂರು ತಿರುಗಿ ಕಾಪಾಡಿದ್ದು ಈ ತೀರ್ಪುಗಳ ಪರಂಪರೆಯನ್ನು. ಅವರ ವಾಚನವನ್ನು ಕೇಳಿದ ಶ್ರೋತೃಗಳು ಹೊಸಹಳ್ಳಿಯಲ್ಲಿಯೂ ರಾಜಾಜಿನಗರದಲ್ಲಿಯೂ ಇನ್ನೂ ಇದ್ದಾರೆ. ಅವರಿರುವಾಗಲೇ ಕೇಳಿ ಬರೆದುಕೊಳ್ಳಬೇಕಾದ ಹೊಣೆ ಕನ್ನಡ ವಿಭಾಗಗಳದು.